ಕೊರಿಯನ್ ಪ್ರೇಮಕಥೆಗಳು 12ನೇ ಕಂತಿಗೆ ಏಕೆ ಮುಗ್ಗರಿಸುತ್ತವೆ?

ಕೊರಿಯನ್ ಪ್ರೇಮ ಧಾರಾವಾಹಿ ನೋಡುವವರ ಹಳೆಯ ತಕರಾರೊಂದಿದೆ. ಮೊದಲ 8 ಕಂತು ನಿದ್ದೆ ಕೆಡಿಸುತ್ತವೆ. 11ಕ್ಕೋ 12ಕ್ಕೋ ಬರುವಷ್ಟರಲ್ಲಿ ನಾಯಕ ‘ನಿನ್ನ ಒಳ್ಳೆಯದಕ್ಕೇ’ ಎಂದು ಹೇಳಿ ಹೊರಟುಬಿಡುತ್ತಾನೆ. 13ರಲ್ಲಿ ಯಾರಿಗೋ ನೆನಪು ಅಳಿಸಿಹೋಗುತ್ತದೆ. 14ರಲ್ಲಿ ನಾವಾಗಲೇ ನೋಡಿದ ಮಳೆ, ಛತ್ರಿ, ಬಸ್ ಸ್ಟಾಪುಗಳು ಹಾಡಿನ ಜೊತೆ ಮತ್ತೆ ಓಡುತ್ತವೆ. ಕೊನೆಯ ಕಂತಿನ ಅರ್ಧದಲ್ಲಿ ‘ಒಂದು ವರ್ಷದ ನಂತರ’ ಎಂಬ ಅಕ್ಷರ ಮೂಡುತ್ತದೆ, ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ.

ಬೈಗುಳವೆಲ್ಲ ಬರಹಗಾರ್ತಿಯ ತಲೆಗೆ. (ಕೊರಿಯಾದಲ್ಲಿ ಪ್ರೇಮಕಥೆಯ ದೊಡ್ಡ ಹೆಸರುಗಳು ಬಹುಪಾಲು ಹೆಂಗಸರವೇ.) ಆದರೆ ಈ ಎಡವಟ್ಟಿನ ಬೇರು ಕಥೆಯಲ್ಲಿರಲಿಲ್ಲ, ಚಿತ್ರೀಕರಣದ ಕ್ಯಾಲೆಂಡರಿನಲ್ಲಿತ್ತು. ಆ ಕ್ಯಾಲೆಂಡರ್ ಈಗ ಹೆಚ್ಚುಕಡಿಮೆ ಮಾಯವಾಗಿದೆ. ಚಾಳಿ ಮಾತ್ರ ಉಳಿದಿದೆ. ಅದೇಕೆ ಎಂದು ತಿಳಿಯಬೇಕಾದರೆ ಇವುಗಳ ಮಾಮೂಲಿ ಕಂತಿನ ಲೆಕ್ಕವಾದ 16 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬಲ್ಲಿಂದ ಶುರುಮಾಡಬೇಕು.

1992ರಲ್ಲಿ ಎಂಬಿಸಿ ವಾಹಿನಿ ‘ಜಿಲ್ತು’, ಅಂದರೆ ‘ಅಸೂಯೆ’ ಎಂಬ ಧಾರಾವಾಹಿ ಪ್ರಸಾರ ಮಾಡಿತು. ನಗರದ ಹುಡುಗ, ನಗರದ ಹುಡುಗಿ, ಗೆಳೆತನದ ಮರೆಯಲ್ಲಿ ಪ್ರೀತಿ. ಕೊನೆಯ ದೃಶ್ಯದಲ್ಲಿ ಅಪ್ಪಿಕೊಂಡ ಜೋಡಿಯ ಸುತ್ತ ಕ್ಯಾಮೆರಾ ಗಿರಗಿರನೆ ತಿರುಗಿದ್ದು ಇವತ್ತಿಗೂ ಅಲ್ಲಿನವರಿಗೆ ನೆನಪಿದೆ. ಸೋಮವಾರ ಒಂದು ಕಂತು, ಮಂಗಳವಾರ ಒಂದು; 8 ವಾರಕ್ಕೆ 16. ಅದೇ ಕಾಲಕ್ಕೆ ಜಪಾನಿನ ಪ್ರೇಮಕಥೆಗಳು ವಾರಕ್ಕೆ ಒಂದೇ ಕಂತಿನಂತೆ, ಮೂರು ತಿಂಗಳ ಋತುವಿಗೆ 10-11 ಕಂತಿಗೆ ಮುಗಿಯುತ್ತಿದ್ದವು. ಕೊರಿಯಾ ಕಥೆಯ ಧಾಟಿಯನ್ನು ಅಲ್ಲಿಂದ ಬೇಕಾದಷ್ಟು ಕಲಿತರೂ ವಾರದ ಲೆಕ್ಕವನ್ನು ತನ್ನದೇ ಇಟ್ಟುಕೊಂಡಿತು: ಸೋಮ-ಮಂಗಳ ಒಂದು ಕಥೆ, ಬುಧ-ಗುರು ಇನ್ನೊಂದು, ರಾತ್ರಿ 10 ಗಂಟೆಗೆ. ಕೆಬಿಎಸ್, ಎಂಬಿಸಿ, ಎಸ್‌ಬಿಎಸ್ ಮೂರೂ ಅದೇ ಹೊತ್ತಿನಲ್ಲಿ ಎದುರುಬದುರು ಕೂತಿದ್ದರಿಂದ ಪೈಪೋಟಿ ಕಂತಿನ ಉದ್ದಕ್ಕೂ ಹಬ್ಬಿತು. ಎದುರಾಳಿಗಿಂತ ಎರಡು ನಿಮಿಷ ತಡವಾಗಿ ಮುಗಿಸಿದರೆ ಅತ್ತಲಿಂದ ಎದ್ದ ನೋಡುಗರು ಇತ್ತ ಬರುತ್ತಾರೆ. ಕಂತುಗಳು ಹೀಗೆ ಬೆಳೆದೂ ಬೆಳೆದೂ, ಕೊನೆಗೆ ಮೂರೂ ವಾಹಿನಿಗಳು 72 ನಿಮಿಷದ ಮಿತಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ವಾರಕ್ಕೆ ಎರಡು ಕಂತು, ಒಂದೊಂದು 70 ನಿಮಿಷ ಎಂದರೆ 140 ನಿಮಿಷ. ವಾರಕ್ಕೊಂದು ಪೂರ್ಣ ಪ್ರಮಾಣದ ಸಿನಿಮಾ ತೆಗೆದಂತೆ, ಅದೂ ಸತತ ಎಂಟು ವಾರ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಪ್ರಸಾರ ಶುರುವಾಗುವ ದಿನ 4 ಕಂತು ಸಿದ್ಧವಿವೆ ಎನ್ನೋಣ. ಎರಡು ತಂಡ, ಅಂದರೆ ಎ ತಂಡ ಮತ್ತು ಬಿ ತಂಡ, ಹಗಲಿರುಳು ದುಡಿದು 5 ದಿನಕ್ಕೊಂದು ಕಂತು ಮುಗಿಸುತ್ತವೆ ಎನ್ನೋಣ. ವಾರಕ್ಕೆ ತಯಾರಾಗುವುದು 1.4 ಕಂತು, ಖರ್ಚಾಗುವುದು 2. ಪ್ರತಿ ವಾರ 0.6 ಕೊರತೆ. ಕೈಯಲ್ಲಿದ್ದ 4 ಕಂತಿನ ದಾಸ್ತಾನು ಏಳನೇ ವಾರದಲ್ಲಿ, ಅಂದರೆ 13-14ನೇ ಕಂತಿನ ಹೊತ್ತಿಗೆ, ಬರಿದು. ನಡುವೆ ಮಳೆಗೋ ನಾಯಕಿಯ ಜ್ವರಕ್ಕೋ ಮೂರು ದಿನ ಕೆಟ್ಟರೆ, ಎರಡು ಕಂತು ಮೊದಲೇ ಬರಿದು. ಕಥೆ ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುಗರು ಬೆರಳಿಟ್ಟು ತೋರಿಸುತ್ತಾರೋ, ದಾಸ್ತಾನು ಮುಗಿಯುವುದೂ ಅಲ್ಲೇ.

ಅಲ್ಲಿಂದ ಮುಂದಿನ ಸ್ಥಿತಿಗೆ ಕೊರಿಯಾದವರು ಇಟ್ಟ ಹೆಸರು ‘ಲೈವ್ ಚಿತ್ರೀಕರಣ’. ಅದರ ಅವಳಿ ‘ಜೊಕ್‌ದೇಬೊನ್’, ನಮ್ಮ ಮಾತಿನಲ್ಲಿ ಚೀಟಿ ಸ್ಕ್ರಿಪ್ಟ್. ಪೂರ್ತಿ ಕಂತಿನ ಬರಹ ಬರುವುದಿಲ್ಲ, ಆ ದಿನ ತೆಗೆಯಬೇಕಾದ ದೃಶ್ಯದ ಒಂದೆರಡು ಹಾಳೆ ಬರುತ್ತದೆ. ನಟ ಅಳುತ್ತಿರುವುದು ಯಾವುದಕ್ಕೆ ಎಂದು ಅವನಿಗೇ ಮರುದಿನ ಗೊತ್ತಾಗುತ್ತದೆ. ಎಲೆ ಹಾಕಿ ಪಂಕ್ತಿ ಕೂರಿಸಿದ ಮೇಲೆ ಅಕ್ಕಿ ತೊಳೆಯಲು ಹೋದ ಮದುವೆ ಮನೆಯ ಹಾಗೆ.

2010ರ ಆಸುಪಾಸಿನ ಯಾವುದೇ ಧಾರಾವಾಹಿಯ ಉತ್ತರಾರ್ಧವನ್ನು ಈ ಕಣ್ಣಿನಿಂದ ನೋಡಿದರೆ ಎಷ್ಟೋ ಸಂಗತಿ ಬಿಡಿಸಿಕೊಳ್ಳುತ್ತದೆ. ಹಳೆಯ ದೃಶ್ಯ ಮರುಕಳಿಸುವುದು ನೆನಪಿನ ಕಾವ್ಯಕ್ಕಿಂತ ಹೆಚ್ಚಾಗಿ ಖರ್ಚಿಲ್ಲದ ನಿಮಿಷಗಳಿಗಾಗಿ: ನಟರು ಬೇಡ, ದೀಪ ಬೇಡ, ಸಂಕಲನದ ಮೇಜಿನಲ್ಲೇ ಐದು ನಿಮಿಷ ಹುಟ್ಟುತ್ತದೆ. ಪ್ರೇಮಿಗಳು ದೂರವಾಗಿ ಫೋನಿನಲ್ಲೇ ಮಾತಾಡುತ್ತಿದ್ದಾರೆಯೇ? ನಾಯಕನನ್ನು ಎ ತಂಡ ಒಂದು ಕಡೆ, ನಾಯಕಿಯನ್ನು ಬಿ ತಂಡ ಇನ್ನೊಂದು ಕಡೆ ಒಂದೇ ಹೊತ್ತಿಗೆ ತೆಗೆಯಬಹುದು. ಇಬ್ಬರೂ ಒಂದೇ ಚೌಕಟ್ಟಿನಲ್ಲಿದ್ದರೆ ಆ ಸೌಲಭ್ಯವಿಲ್ಲ. ‘ನಿನ್ನ ಒಳ್ಳೆಯದಕ್ಕೇ ಬಿಡುತ್ತಿದ್ದೇನೆ’ ಎಂಬ ಅಗಲಿಕೆ 12ನೇ ಕಂತಿನ ನೆತ್ತಿಯ ಮೇಲೇ ಬಂದು ಕೂರುವುದಕ್ಕೆ ಇದೂ ಒಂದು ಕಾರಣ. ನಾಯಕಿ ನದಿ ದಂಡೆಯಲ್ಲಿ ಒಂದು ಇಡೀ ಹಾಡು ಮುಗಿಯುವ ತನಕ ನಡೆದರೆ, ಆ ನಾಲ್ಕು ನಿಮಿಷಕ್ಕೆ ಬರಹವೇ ಬೇಕಾಗಿಲ್ಲ. ಇದ್ದಕ್ಕಿದ್ದಂತೆ ಎಲ್ಲರೂ ಅದೇ ಕಾಫಿ ಅಂಗಡಿಯಲ್ಲಿ ಸೇರುತ್ತಾರೆಯೇ? ಅಲ್ಲಿ ದೀಪ ಮೊದಲೇ ಹೊಂದಿಸಿಟ್ಟಿದೆ, ಜೊತೆಗೆ ಅಂಗಡಿಯವರು ದುಡ್ಡು ಕೊಟ್ಟಿದ್ದಾರೆ.

ದುಡ್ಡಿನ ಮಾತು ಬಂತು. 2010ರಲ್ಲಿ ಪಿಪಿಎಲ್, ಅಂದರೆ ಕಥೆಯೊಳಗೆ ಸರಕು ತೋರಿಸುವ ಜಾಹೀರಾತು, ಕಾನೂನುಬದ್ಧವಾಯಿತು. ನಿಯಮ ಹೀಗಿತ್ತು: ಸರಕು ಪರದೆಯ ಕಾಲು ಭಾಗ ಮೀರಬಾರದು, ಒಟ್ಟು ಅವಧಿಯ ಶೇ 5ರೊಳಗಿರಬೇಕು. 70 ನಿಮಿಷಕ್ಕೆ ಲೆಕ್ಕ ಹಾಕಿದರೆ ಮೂರೂವರೆ ನಿಮಿಷ. ಬರಹಕ್ಕೆ ಬಿಡುವಿದ್ದರೆ ಇದನ್ನು ಕಥೆಯಲ್ಲಿ ಹದವಾಗಿ ಕರಗಿಸಬಹುದು. ಚೀಟಿ ಸ್ಕ್ರಿಪ್ಟಿನಲ್ಲಿ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು: ವಿರಹದ ನಡುವೆ ಸ್ಯಾಂಡ್‌ವಿಚ್, ಆಸ್ಪತ್ರೆಯ ಹಾಸಿಗೆಯ ಪಕ್ಕ ಜಿನ್ಸೆಂಗ್ ಪೊಟ್ಟಣ.

ಹಾಗೆಂದು ಲೈವ್ ಚಿತ್ರೀಕರಣ ಬರೀ ಕೇಡಾಗಿರಲಿಲ್ಲ. ಅದು ಇಷ್ಟು ಕಾಲ ಬಾಳಿದ್ದಕ್ಕೆ ಕಾರಣವಿದೆ. ಮಂಗಳವಾರ ರಾತ್ರಿಯ ಪ್ರತಿಕ್ರಿಯೆ ಬುಧವಾರ ಬರಹಗಾರ್ತಿಯ ಮೇಜಿನ ಮೇಲಿರುತ್ತಿತ್ತು. ಜೋಡಿಯಲ್ಲಿ ಕಾವು ಎಲ್ಲಿ ಹುಟ್ಟುತ್ತಿದೆ, ಎರಡನೇ ನಾಯಕನ ಕಡೆ ಜನ ಎಷ್ಟು ವಾಲಿದ್ದಾರೆ ಎಂಬುದನ್ನು ನೋಡಿ ಕಥೆಯ ಮಗ್ಗುಲು ಬದಲಿಸಬಹುದಿತ್ತು. 2004ರ ‘ಲವರ್ಸ್ ಇನ್ ಪ್ಯಾರಿಸ್’ ಇದರ ಪರಾಕಾಷ್ಠೆ. ಬರಹಗಾರ್ತಿ ಕಿಮ್ ಉನ್-ಸುಕ್ ಅವರ ಕೈಯಿದ್ದ ಈ ಧಾರಾವಾಹಿಯ ವೀಕ್ಷಣಾ ಪ್ರಮಾಣ ಶೇ 50 ದಾಟಿತ್ತು. ಇಡೀ ಕಥೆ ನಾಯಕಿ ಬರೆಯುತ್ತಿದ್ದ ಚಿತ್ರಕಥೆ ಎಂಬ ಮುಕ್ತಾಯದ ಸುದ್ದಿ ಮೊದಲೇ ಸೋರಿ, ನೋಡುಗರು ಕೊನೆಯ ಕಂತಿಗೂ ಮುನ್ನವೇ ಜಗಳಕ್ಕಿಳಿದರು. ಕಥೆ ಇನ್ನೂ ಬೆಂಕಿಯ ಮೇಲಿದೆ, ನಮ್ಮ ಉಪ್ಪನ್ನೂ ಒಂದು ಚಿಟಿಕೆ ಹಾಕಬಹುದು ಎಂಬ ಭಾವವೇ ಆ ಕಾಲದ ನೋಡುವಿಕೆಯ ಅರ್ಧ ಸುಖ.

ಕನ್ನಡದ ದೈನಂದಿನ ಧಾರಾವಾಹಿ ಬಲ್ಲವರಿಗೆ ಇದೇನೂ ಹೊಸತಲ್ಲ. ಗುರುವಾರದ ಟಿಆರ್‌ಪಿ ನೋಡಿ ಟ್ರ್ಯಾಕ್ ಬದಲಿಸುವುದು, ‘ಬ್ಯಾಂಕಿಂಗ್ (ಕೈಯಲ್ಲಿ ಸಿದ್ಧ ಕಂತು) ಇಲ್ಲ’ ಎಂದು ರಾತ್ರಿಯೆಲ್ಲ ಶೂಟಿಂಗ್ ಮಾಡುವುದು ಇಲ್ಲೂ ಉಂಟು. ವ್ಯತ್ಯಾಸ ಒಂದೇ. ನಮ್ಮಲ್ಲಿ ಕಥೆಗೆ ಕೊನೆಯ ದಿನಾಂಕವಿಲ್ಲ, ಹಾಗಾಗಿ ತಪ್ಪಿದ ದಾರಿ ನೂರು ಕಂತಿನ ನಂತರ ಸರಿಹೋಗಬಹುದು. ಅಲ್ಲಿ 16ಕ್ಕೆ ಬಾಗಿಲು ಹಾಕಲೇಬೇಕು.

ದೇಹಗಳು ಈ ಲೆಕ್ಕಕ್ಕೆ ಒಗ್ಗಲಿಲ್ಲ. 2009ರಲ್ಲಿ ‘ಬಾಯ್ಸ್ ಓವರ್ ಫ್ಲವರ್ಸ್’ ನಡೆಯುತ್ತಿದ್ದಾಗ ನಾಯಕಿ ಕಾರು ಅಪಘಾತದಲ್ಲಿ ಗಾಯಗೊಂಡರು. ಕೈಯಲ್ಲಿ ಕಂತಿರಲಿಲ್ಲ, ಆ ಸೋಮವಾರ ವಿಶೇಷ ಕಾರ್ಯಕ್ರಮ ಹಾಕಿ ಹೊತ್ತು ತುಂಬಿಸಬೇಕಾಯಿತು. 2011ರಲ್ಲಿ ‘ಸ್ಪೈ ಮ್ಯೊಂಗ್-ವೊಲ್’ ನಾಯಕಿ ಚಿತ್ರೀಕರಣ ಬಿಟ್ಟು ಅಮೆರಿಕಕ್ಕೆ ಹಾರಿದರು. ದೇಶವೆಲ್ಲ ಬೈದಿತು, ಅವರು ವಾಪಸಾಗಿ ಕ್ಷಮೆ ಕೇಳಿದರು. ಬೈದವರಲ್ಲಿ ಎಷ್ಟು ಜನ ಆ ಕೆಲಸದ ಗಂಟೆಗಳನ್ನು ಎಣಿಸಿದ್ದರೋ.

ಎಣಿಸಲೇಬೇಕಾದ ಕಾಲ 2016ರಲ್ಲಿ ಬಂತು. ಟಿವಿಎನ್ ಎಂಬ ಕೇಬಲ್ ವಾಹಿನಿಯ ‘ಡ್ರಿಂಕಿಂಗ್ ಸೋಲೊ’ ಧಾರಾವಾಹಿಯ ಸಹಾಯಕ ನಿರ್ದೇಶಕ ಲೀ ಹನ್-ಬಿತ್ ಆ ಅಕ್ಟೋಬರಿನಲ್ಲಿ ತೀರಿಕೊಂಡರು. ಚಿತ್ರೀಕರಣದಲ್ಲಿ ಜನರನ್ನು ಹಿಂಡುವ ಬಗೆಯನ್ನು ಅವರ ಕೊನೆಯ ಬರಹ ಹೇಳಿತ್ತು. ವಾಹಿನಿಯ ಸಂಸ್ಥೆ ಕ್ಷಮೆ ಕೇಳಿದ್ದು 2017ರ ಜೂನಿನಲ್ಲಿ, ಕುಟುಂಬದವರು ಬಹಿರಂಗವಾಗಿ ಹೋರಾಡಿದ ಮೇಲೆ. ಅವರ ಹೆಸರಿನಲ್ಲಿ 2018ರ ಜನವರಿಯಲ್ಲಿ ಮಾಧ್ಯಮ ಕಾರ್ಮಿಕರ ಹಕ್ಕುಗಳ ಕೇಂದ್ರವೊಂದು ತೆರೆಯಿತು. ಅದಕ್ಕೆ ಸುಮಾರು ಒಂದು ತಿಂಗಳ ಮುನ್ನ, 2017ರ ಡಿಸೆಂಬರ್ 23ರ ನಸುಕಿನಲ್ಲಿ, ‘ಹ್ವಾಯುಗಿ’ ಧಾರಾವಾಹಿಯ ಸೆಟ್ಟಿನಲ್ಲಿ ತೂಗುದೀಪ ಕಟ್ಟುತ್ತಿದ್ದ ಕೆಲಸಗಾರರೊಬ್ಬರು ಮೇಲಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಮರುದಿನ ರಾತ್ರಿ ಎರಡನೇ ಕಂತು ಗ್ರಾಫಿಕ್ಸ್ ಮುಗಿಯದೆಯೇ ಪ್ರಸಾರವಾಯಿತು. ನಟರನ್ನು ತೂಗುಹಾಕಿದ್ದ ತಂತಿಗಳು ಪರದೆಯ ಮೇಲೆ ಕಂಡವು, ಜಾಹೀರಾತುಗಳು ಮುಗಿಯಲೊಲ್ಲದೆ ಓಡಿದವು, ಕೊನೆಗೆ ಪ್ರಸಾರವೇ ನಿಂತಿತು. ಲೈವ್ ಚಿತ್ರೀಕರಣದ ಹೊಟ್ಟೆ ಹರಿದು ಒಳಗಿನದೆಲ್ಲ ಹೊರಬಿದ್ದ ರಾತ್ರಿ ಅದು.

2018ರ ಫೆಬ್ರುವರಿಯಲ್ಲಿ ಕೊರಿಯಾದ ಸಂಸತ್ತು ಕಾರ್ಮಿಕ ಕಾಯ್ದೆ ತಿದ್ದಿತು. ಅದುವರೆಗೆ ದುಡಿಮೆಯ ಮಿತಿಯಿಂದ ವಿನಾಯಿತಿ ಪಡೆದಿದ್ದ 26 ಉದ್ಯಮಗಳ ಪಟ್ಟಿ 5ಕ್ಕೆ ಇಳಿಯಿತು. ಪ್ರಸಾರ ಮಾಧ್ಯಮ ಪಟ್ಟಿಯಿಂದ ಹೊರಬಿತ್ತು. 300 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ 2018ರ ಜುಲೈಯಿಂದ ವಾರಕ್ಕೆ 68 ಗಂಟೆ, 2019ರ ಜುಲೈಯಿಂದ 52. ಸಣ್ಣ ಸಂಸ್ಥೆಗಳಿಗೆ ಹಂತಹಂತವಾಗಿ 2021ರ ತನಕ ಸಮಯ ಸಿಕ್ಕಿತು. ಮೊದಲೇ ಹಾಕಿದ ಲೆಕ್ಕಕ್ಕೆ 52 ಗಂಟೆ ಸೇರಿಸಿ ನೋಡಿ: ವಾರಕ್ಕೆ 1.4 ಕಂತು ಹೋಗಲಿ, ಒಂದು ತೆಗೆದರೆ ಪುಣ್ಯ. ಪ್ರಸಾರಕ್ಕೆ ತಿಂಗಳುಗಟ್ಟಲೆ ಮೊದಲೇ ಕೆಲಸ ಶುರುಮಾಡುವುದು ಬಿಟ್ಟರೆ ದಾರಿಯಿಲ್ಲ.

ಆ ದಾರಿ ಆಗಲೇ ಒಮ್ಮೆ ತೆರೆದಿತ್ತು, ಬೇರೆ ಕಾರಣಕ್ಕೆ. ಆನ್‌ಲೈನಿನಲ್ಲಿ ಹಾಕುವ ವಿದೇಶಿ ಧಾರಾವಾಹಿಗಳನ್ನು ಪೂರ್ತಿಯಾಗಿ ಮೊದಲೇ ಒಪ್ಪಿಸಿ ಅನುಮತಿ ಪಡೆಯಬೇಕೆಂದು ಚೀನಾ 2015ರಲ್ಲಿ ಕಡ್ಡಾಯ ಮಾಡಿತು. ಎರಡೂ ದೇಶದಲ್ಲಿ ಒಂದೇ ದಿನ ತೋರಿಸಬೇಕಾದರೆ ಎಲ್ಲವೂ ಮೊದಲೇ ಮುಗಿದಿರಬೇಕು. 2016ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಹಾಗೆ ತಯಾರಾದದ್ದು. 16 ಕಂತು, ಕೊನೆಯದಕ್ಕೆ ಶೇ 38.8 ವೀಕ್ಷಣಾ ಪ್ರಮಾಣ. ಚಿತ್ರಗಳು ಥಳಥಳ ಎಂದವು. ಆದರೆ ಸರಕು ತುರುಕುವ ಚಾಳಿ ಇಲ್ಲೂ ತಪ್ಪಲಿಲ್ಲ. ಕಾರನ್ನು ತಾನೇ ಓಡಲು ಬಿಟ್ಟು ಜೋಡಿ ಚುಂಬಿಸುವ 13ನೇ ಕಂತಿನ ದೃಶ್ಯ ನಗೆಪಾಟಲಾಯಿತು. ಜನ ನಕ್ಕರೂ ಮುಂದಿನ ಕಂತಿನಲ್ಲಿ ತಿದ್ದುವ ಹಾಗಿರಲಿಲ್ಲ, ಎಲ್ಲ ಮುಗಿದಿತ್ತು. ಅದೇ ವರ್ಷ ಅದೇ ದಾರಿ ಹಿಡಿದ ‘ಅನ್‌ಕಂಟ್ರೋಲಬ್ಲಿ ಫಾಂಡ್’ ದೊಡ್ಡ ತಾರೆಯರಿದ್ದೂ ಊರಿನಲ್ಲಿ ನಿರೀಕ್ಷೆ ಮುಟ್ಟಲಿಲ್ಲ. ಜುಲೈಯಲ್ಲಿ ಅಮೆರಿಕದ ಥಾಡ್ ಎಂಬ ಕ್ಷಿಪಣಿ ತಡೆ ವ್ಯವಸ್ಥೆಗೆ ಕೊರಿಯಾ ಒಪ್ಪಿದ ಮೇಲೆ, ಅದಕ್ಕೆ ಸಿಟ್ಟಾದ ಚೀನಾದ ಬಾಗಿಲು ಮುಚ್ಚಿತು. ಆ ಜಾಗಕ್ಕೆ ದುಡ್ಡು ಹಿಡಿದು ಬಂದದ್ದು ನೆಟ್‌ಫ್ಲಿಕ್ಸ್.

ಇಷ್ಟೆಲ್ಲ ಬದಲಾವಣೆಯನ್ನು ಒಬ್ಬರೇ ಬರಹಗಾರ್ತಿಯ ಮೂರು ಕೃತಿಗಳಲ್ಲಿ ನೋಡಬಹುದು. ಪಾರ್ಕ್ ಜಿ-ಉನ್ ಅವರ ‘ಮೈ ಲವ್ ಫ್ರಮ್ ದಿ ಸ್ಟಾರ್’ (2013-14) ಹಳೆಯ ಕಾಲದ್ದು. ಯಶಸ್ಸು ಕಂಡು 20 ಕಂತನ್ನು 21 ಮಾಡಿದರು, ಉತ್ತರಾರ್ಧದಲ್ಲಿ ಆ ಎಳೆತ ಕಾಣುತ್ತದೆ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ (2019-20) ಸಂಧಿಕಾಲದ್ದು: 2020ರ ಜನವರಿಯ ಮೊದಲ ವಾರಾಂತ್ಯಕ್ಕೆ ಹೊಸ ಕಂತು ಬರಲಿಲ್ಲ, ತಿಂಗಳ ಕೊನೆಯ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೆ ಮತ್ತೊಮ್ಮೆ ಬಿಡುವು. ಹಿಂದಿನ ಕಾಲದಲ್ಲಾದರೆ ಇದು ಸೋಲಿನ ಒಪ್ಪಿಗೆ, ಈಗ ಮಾಮೂಲಿ ರಜೆ. ಮೂರನೆಯದು ‘ಕ್ವೀನ್ ಆಫ್ ಟಿಯರ್ಸ್’ (2024), ನಿಧಾನವಾಗಿ ತೆಗೆದದ್ದು, ಹಣಕ್ಕೆ ಕೊರತೆಯಿಲ್ಲದ್ದು. ಕೊನೆಯ ಕಂತಿಗೆ ಶೇ 24.9 ಬಂದು ‘ಕ್ರ್ಯಾಶ್ ಲ್ಯಾಂಡಿಂಗ್’ನ ಶೇ 21.7ನ್ನೂ ಹಿಂದಿಕ್ಕಿತು. ಮುರಿಯುವ ಅಂಚಿನಲ್ಲಿರುವ ದಾಂಪತ್ಯದಲ್ಲಿ ಪ್ರೀತಿ ಮತ್ತೆ ಮೊಳೆಯುವ ಮೊದಲರ್ಧ ಅವರು ಬರೆದದ್ದರಲ್ಲೇ ಉತ್ತಮ. ಆಮೇಲೆ? ಮೆದುಳಿನ ಶಸ್ತ್ರಚಿಕಿತ್ಸೆ, ನೆನಪು ಮಾಯ, ಅಪಹರಣ, ಕಾರು ಡಿಕ್ಕಿ, ಗುಂಡೇಟು.

ನಿದ್ದೆಗೆಟ್ಟ ತಂಡವಿಲ್ಲ, ಚೀಟಿ ಸ್ಕ್ರಿಪ್ಟ್ ಇಲ್ಲ, ಆದರೂ ನೆನಪು ಹೋಗುತ್ತದೆ. ಇಲ್ಲಿ ತಪ್ಪು 16ರದ್ದೇ. ಇಬ್ಬರು ಮನಸ್ಸು ಬಿಚ್ಚಿಕೊಳ್ಳುವ ಕಥೆಗೆ 10-11 ಗಂಟೆ ಸಾಕು, ಜಪಾನಿನವರು ಅಷ್ಟೂ ತೆಗೆದುಕೊಳ್ಳುವುದಿಲ್ಲ. 16 ಕಂತೆಂದರೆ 18-19 ಗಂಟೆ. ಮಿಕ್ಕ ಗಂಟೆಗಳಿಗೆ ಹೊರಗಿನ ಖಳನೋ ಕಾಯಿಲೆಯೋ ಬೇಕು. ಕಡಿಮೆ ಮಾಡಬಹುದಲ್ಲ ಎಂದರೆ ನಟರ ಸಂಭಾವನೆ ಕಂತಿನ ಲೆಕ್ಕ, ವಿದೇಶಿ ಹಕ್ಕಿನ ಬೆಲೆ ಕಂತಿನ ಲೆಕ್ಕ, ಜಾಹೀರಾತೂ ಅಷ್ಟೇ. ಒಂದೇ ಸೆಟ್ಟಿನ ಖರ್ಚನ್ನು 12ಕ್ಕಿಂತ 16 ಕಂತಿಗೆ ಹಂಚುವುದು ಲಾಭ. (ಹಳೆಯ ಪಟ್ಟಿಗಳಲ್ಲಿ ಕೆಲವು ಪ್ರೇಮಕಥೆಗಳಿಗೆ 32 ಕಂತು ಎಂದಿರುವುದು ನೋಡಿ ಗಾಬರಿಯಾಗಬೇಡಿ. ಕೆಬಿಎಸ್, ಎಂಬಿಸಿಯಂಥ ಭೂಪ್ರಸಾರ ವಾಹಿನಿಗಳಿಗೆ ಕಂತಿನ ನಡುವೆ ಜಾಹೀರಾತು ನಿಷಿದ್ಧವಾಗಿದ್ದಾಗ, 2017ರಿಂದ ಒಂದು ಕಂತನ್ನೇ ಎರಡು ತುಂಡು ಮಾಡಿ ಸಂದಿಯಲ್ಲಿ ಜಾಹೀರಾತು ಹಾಕುತ್ತಿದ್ದರು. 2021ರ ಜುಲೈಯಲ್ಲಿ ನಿಷೇಧ ಹೋಯಿತು, ತುಂಡುಗಳೂ ಹೋದವು.)

ಲೆಕ್ಕ ಬದಲಿಸಿ ನೋಡಿದವರೂ ಇದ್ದಾರೆ. 2020ರ ‘ಹಾಸ್ಪಿಟಲ್ ಪ್ಲೇಲಿಸ್ಟ್’ ವಾರಕ್ಕೆ ಒಂದೇ ಕಂತಿನಂತೆ 12ಕ್ಕೆ ನಿಂತಿತು. ವೆಬ್‌ಟೂನ್, ಅಂದರೆ ಆನ್‌ಲೈನ್ ಕಾಮಿಕ್ಸ್ ಆಧರಿಸಿದ ‘ಬಿಸಿನೆಸ್ ಪ್ರಪೋಸಲ್’ (2022) ಕೂಡ 12ಕ್ಕೇ ಮುಗಿಯಿತು. ಕಥೆಯಲ್ಲಿ ಹೊಸದೇನೂ ಇಲ್ಲ, ಆದರೆ ಅಗಲಿಕೆ ಶಾಸ್ತ್ರಕ್ಕಷ್ಟೇ ಬಂದು ಹೋಗುವುದರಿಂದ ಯಾರಿಗೂ ಬೇಸರವಾಗಲಿಲ್ಲ. 2025ರ ಮಾರ್ಚಿನಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ 16ನ್ನೇ ಉಳಿಸಿಕೊಂಡು ವಾರದ ಎಣಿಕೆ ಮುರಿಯಿತು: ನಾಲ್ಕು ಶುಕ್ರವಾರ, ಒಮ್ಮೆಗೆ 4 ಕಂತು, ಒಂದೊಂದು ಕಟ್ಟಿಗೆ ಒಂದೊಂದು ಋತು. ಜೇಜು ದ್ವೀಪದ ಆ ಹುಡುಗ-ಹುಡುಗಿಯ ಮದುವೆ ಮೊದಲ ಕಟ್ಟಿನಲ್ಲೇ ಆಗಿಹೋಗುತ್ತದೆ. ಉಳಿದ ಮೂರು ಕಟ್ಟಿನ ತುಂಬ ಬಸಿರು, ದೋಣಿ, ಸಾಲ, ಮಗಳ ಓದು, ಮುಪ್ಪು. 12ನೇ ಕಂತಿನಲ್ಲಿ ಅವನು ಅವಳನ್ನು ಬಿಟ್ಟುಹೋಗಲು ಬಿಡುವೇ ಇಲ್ಲ.