ಎರಡನೇ ಆರ್ಡರ್ ಯಾಕೆ ಬರಲಿಲ್ಲ?

ಕಾಫಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕೊಡಗಿನ ಬೆಳೆಗಾರರು ಬಂದು ಕೂತರೆ ಮೊದಲ ಮಾತೇ, "ಸಾರ್, ಹೊಸ ಬೈಯರ್ ಯಾರಾದ್ರೂ ಇದ್ದಾರಾ?" ಹಳೇ ಬೈಯರ್ ಎಲ್ಲಿ ಹೋದರು ಅಂತ ಕೇಳಿದರೆ, "ಅವ್ರು ಮೇಲ್‌ಗೆ ಉತ್ತರಾನೇ ಕೊಡ್ತಿಲ್ಲ." ಹೊರದೇಶದ ಬೈಯರ್ ಜಗಳಕ್ಕೆ ಬರುವುದು ಕಮ್ಮಿ. ಮಾಲು ಹಿಡಿಸದಿದ್ದರೆ ಸುಮ್ನೆ ಬೇರೆಯವರ ಹತ್ತಿರ ಹೋಗುತ್ತಾರೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬೆಸೆಡೆಸ್ ಮತ್ತು ಪ್ರೂಸಾ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಆಮದು ಲೆಕ್ಕ ನೋಡಿ 2006ರಲ್ಲಿ ಬರೆದರು: ಒಂದು ದೇಶದಿಂದ ಒಂದು ಸರಕು ಬರಲು ಶುರುವಾದರೆ, ಅಂಥ ವ್ಯಾಪಾರಗಳಲ್ಲಿ ಅರ್ಧಕ್ಕರ್ಧ 2ರಿಂದ 4 ವರ್ಷದೊಳಗೆ ನಿಂತುಹೋಗುತ್ತವೆ. ಬಡ ದೇಶಗಳ ಮಾಲಿಗೆ ಆಯಸ್ಸು ಇನ್ನೂ ಕಮ್ಮಿ.

ಕಾರಣ ಹತ್ತಾರು. ಆದರೆ ನಾನು ಮತ್ತೆ ಮತ್ತೆ ನೋಡುವುದು ಸ್ಯಾಂಪಲ್ ತೊಂದರೆ. ಮಾದಾಪುರ ಕಡೆಯ ಗಂಡ ಹೆಂಡತಿ ಒಮ್ಮೆ ಬೈಯರ್‌ಗೆ ಕಳಿಸೋ ಸ್ಯಾಂಪಲ್ ಅಂತ ಅರೇಬಿಕಾ ಕಾಫಿ ತಂದಿದ್ದರು. ರಾತ್ರಿ ಊಟದ ಮೇಜಿನ ಮೇಲೆ ಹರಡಿ, ಕಪ್ಪು ಬೀಜ, ಒಡಕು ಎಲ್ಲ ಕೈಯಲ್ಲೇ ಆರಿಸಿ ತೆಗೆದ ಕಾಲು ಕೆಜಿ. ಒಂದೊಂದು ಬೀಜವೂ ಒಂದೇ ಅಳತೆ, ಒಂದೇ ಬಣ್ಣ. ನನಗೇ ಆಸೆಯಾಯಿತು! ಆದರೆ ಹಡಗು ಹತ್ತಬೇಕಿದ್ದ ಲಾಟ್‌ನಲ್ಲಿ, ಅಂದರೆ ಒಟ್ಟಿಗೆ ಕಳಿಸುವ ಮಾಲಿನಲ್ಲಿ, ಅಕ್ಕಪಕ್ಕದ ಮೂರು ತೋಟದ ಕಾಫಿ ಸೇರಿತ್ತು.

ಸ್ಯಾಂಪಲ್ ಅಂದರೆ ನಿಮ್ಮ ತೋಟದ ಒಳ್ಳೇ ಕಾಫಿ ಅಲ್ಲ. ಕಳಿಸುವ ಮಾಲಿನದೇ ಒಂದು ಹಿಡಿ. ಲಾಟ್‌ನ ಪ್ರತಿ ಚೀಲದಿಂದಲೂ ಸ್ವಲ್ಪ ತೆಗೆದು, ಎಲ್ಲ ಬೆರೆಸಿ, ಅದರಲ್ಲಿ ಅರ್ಧ ಬೈಯರ್‌ಗೆ ಕಳಿಸಿ, ಉಳಿದರ್ಧಕ್ಕೆ ಸೀಲ್ ಹಾಕಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಡಕು ಬಂದರೂ ಆರಿಸಬೇಡಿ. ಮುದ್ದಾಂ ಹೇಳುತ್ತಿದ್ದೇನೆ, ಆರಿಸಬೇಡಿ! ಬೈಯರ್ ಸ್ಯಾಂಪಲ್ಲು, ಆಮೇಲೆ ಬಂದ ಮಾಲು ಎರಡನ್ನೂ ಹುರಿದು, ಕುಡಿದು ನೋಡುತ್ತಾರೆ. ಸ್ಯಾಂಪಲ್ ಸುಮಾರಾಗಿದ್ದು ಮಾಲೂ ಅಷ್ಟೇ ಇದ್ದರೆ ಅದಕ್ಕೆ ತಕ್ಕ ಬೆಲೆ ಕೊಟ್ಟು ಮುಂದಿನ ವರ್ಷವೂ ಕೇಳಬಹುದು. ಸ್ಯಾಂಪಲ್ ಚಿನ್ನ, ಮಾಲು ಸುಮಾರು ಅಂದರೆ ಮತ್ತೆ ಕೇಳುವ ಧೈರ್ಯ ಯಾರಿಗಿದೆ?

ಇದೊಂದು ಸರಿಯಾದರೆ ಸಾಕು ಅಂತಲೂ ನಾನು ಹೇಳುವುದಿಲ್ಲ. ಹುರಿಯದ ಬೀಜದ ತೇವ ಶೇ 12.5 ದಾಟಬಾರದು. ನಮ್ಮ ಮಳೆಗಾಲದಲ್ಲಿ ಗೋದಾಮಿನಲ್ಲಿಟ್ಟ ಕಾಫಿ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಕಂಟೇನರ್ ತುಂಬುವ ದಿನ ಮತ್ತೊಮ್ಮೆ ಅಳೆಯಿರಿ. ಇನ್ನು ಬೆಲೆ. 2024ರಲ್ಲಿ ರೊಬಸ್ಟಾ ಬೆಲೆ ಗಗನಕ್ಕೇರಿದಾಗ ವಿಯೆಟ್ನಾಂನಲ್ಲೂ ಮಾತು ಕೊಟ್ಟ ಮಾಲು ಕೊಡದವರು ಇದ್ದರು. ನಮ್ಮಲ್ಲೂ ಕಿಲೋಗೆ ನಾಲ್ಕು ಕಾಸು ಜಾಸ್ತಿ ಸಿಕ್ಕಿತು ಅಂತ ಒಪ್ಪಿದ ಕಾಫಿಯನ್ನು ಲೋಕಲ್ ವ್ಯಾಪಾರಿಗೆ ಹಾಕಿದವರು ನನಗೆ ಗೊತ್ತು. ಬೆಲೆ ಇಳಿದ ಮೇಲೆ ಅವರಿಗೂ ಹೊಸ ಬೈಯರ್ ಬೇಕು, ಅಲ್ವಾ?

ಮೊದಲು ಹಳಬರಿಗೆ ಒಂದು ಮೇಲ್ ಬರೆಯಿರಿ. ಹೋದ ಸಲದ ಲಾಟ್‌ನಲ್ಲಿ ಏನು ಹಿಡಿಸಲಿಲ್ಲ ಅಂತ ನೇರ ಕೇಳಿ. ಬರೆಯಲು ಬರದಿದ್ದರೆ ನಾನೇ ಬರೆದುಕೊಡುತ್ತೇನೆ, ಅದಕ್ಕೆ ಫೀಸ್ ಇಲ್ಲ.