90 ಅಂಕದ ಅಕೌಂಟೆಂಟ್: ಆಸ್ಟ್ರೇಲಿಯಾ ಪಿಆರ್‌ನ ಹಿಂದಿನ ಕಥೆ

ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಅನುಮತಿ (ಪಿಆರ್) ಕೊಡುವ 189 ವೀಸಾಕ್ಕೆ ನಿಯಮದ ಪ್ರಕಾರ 65 ಪಾಯಿಂಟ್ ಇದ್ದರೆ ಸಾಕು. 28 ವರ್ಷದ, ಮದುವೆಯಾಗದ, ಮೆಲ್ಬರ್ನಿನಲ್ಲಿ ಎರಡು ವರ್ಷ ಓದಿ ಮಾಸ್ಟರ್ಸ್ ಮುಗಿಸಿದ ಅಕೌಂಟೆಂಟ್ ಒಬ್ಬಳ ಲೆಕ್ಕ ನೋಡಿ. ವಯಸ್ಸಿಗೆ 30, ಪದವಿಗೆ 15, ಇಂಗ್ಲಿಷಿನ ಅತಿ ಮೇಲಿನ ದರ್ಜೆಗೆ 20, ಆಸ್ಟ್ರೇಲಿಯಾದಲ್ಲಿ ಓದಿದ್ದಕ್ಕೆ 5, ಪ್ರೊಫೆಷನಲ್ ಇಯರ್ ಎಂಬ ಕೋರ್ಸಿಗೆ 5, ಕನ್ನಡ-ಇಂಗ್ಲಿಷ್ ದುಭಾಷಿ ಪರೀಕ್ಷೆಗೆ 5, ಒಂಟಿಯಾಗಿರುವುದಕ್ಕೆ 10. ಒಟ್ಟು 90. ಬೇಕಾದದ್ದಕ್ಕಿಂತ 25 ಹೆಚ್ಚು. ಇಷ್ಟಿದ್ದೂ ಅರ್ಜಿ ಹಾಕಲು ಸರ್ಕಾರದ ಆಹ್ವಾನ ಬಾರದೆ ವರ್ಷಗಟ್ಟಲೆ ಕಾದವರಿದ್ದಾರೆ. ಈ 90ರಲ್ಲಿ ಡೆಬಿಟ್-ಕ್ರೆಡಿಟ್ ಬರುತ್ತದೆ ಎಂಬುದಕ್ಕೆ ಸಿಕ್ಕಿದ್ದು ಎಷ್ಟು ಎಂದು ಹುಡುಕಿದರೆ ಒಂದೂ ಇಲ್ಲ. ಆ ವಿದ್ಯೆ ಅರ್ಜಿ ಹಾಕುವ ಅರ್ಹತೆಯನ್ನಷ್ಟೇ ಕೊಡುತ್ತದೆ. ಸರದಿಯಲ್ಲಿ ಮುಂದೆ ನಿಲ್ಲಿಸುವುದು ಉಳಿದ ಸಂಗತಿಗಳು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಬಿಳಿಯರಿಗಷ್ಟೇ ಬಾಗಿಲು ತೆರೆಯುತ್ತಿದ್ದ ನೀತಿಯ ಕೊನೆಯ ಅವಶೇಷಗಳನ್ನು ಆಸ್ಟ್ರೇಲಿಯಾ 1973ರಲ್ಲಿ ಕಿತ್ತುಹಾಕಿತು. ಬರುವವರನ್ನು ಅಂಕ ಕೊಟ್ಟು ಅಳೆಯುವ ಪದ್ಧತಿ 1979ರಲ್ಲಿ ಬಂತು, 1989ರಲ್ಲಿ ಇನ್ನಷ್ಟು ಬಿಗಿಯಾಯಿತು. ಅಕೌಂಟೆಂಟರ ಕಥೆ ನಿಜವಾಗಿ ಶುರುವಾಗುವುದು ಅದಾದ ಮೇಲೆ, 1999ರಲ್ಲಿ. ಜಾನ್ ಹೋವರ್ಡ್ ಸರ್ಕಾರ ಆ ವರ್ಷ ವಲಸೆಯ ತೂಕವನ್ನು ಕುಟುಂಬದಿಂದ ಕೌಶಲದ ಕಡೆಗೆ ವಾಲಿಸಿ, ಆಸ್ಟ್ರೇಲಿಯಾದ ಪದವಿ ಇದ್ದವರಿಗೆ ಹೆಚ್ಚುವರಿ ಅಂಕ ಕೊಟ್ಟಿತು. 2001ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓದಲು ಬಂದ ವಿದೇಶಿ ವಿದ್ಯಾರ್ಥಿ ಕೋರ್ಸ್ ಮುಗಿದ ಮೇಲೆ ಊರಿಗೆ ಹಿಂತಿರುಗದೆ, ಕೆಲಸದ ಅನುಭವವೂ ಇಲ್ಲದೆ, ಅಲ್ಲಿಂದಲೇ ಪಿಆರ್‌ಗೆ ಅರ್ಜಿ ಹಾಕಬಹುದು ಎಂದಿತು.

ಈ ಎರಡು ನಿರ್ಧಾರಗಳು ಕೂಡಿದ್ದೇ ತಡ, ಓದು ಮತ್ತು ವಲಸೆ ಎಂಬ ಎರಡು ಬೇರೆ ಬೇರೆ ವ್ಯವಹಾರಗಳು ಒಂದೇ ಆದವು. ಸರ್ಕಾರದ ಅನುದಾನ ಸಾಲದೆ ವಿದೇಶಿ ವಿದ್ಯಾರ್ಥಿಗಳ ಫೀಸಿನ ಮೇಲೆ ನಿಂತಿದ್ದ ವಿಶ್ವವಿದ್ಯಾಲಯಗಳಿಗೆ ಅಕೌಂಟಿಂಗ್‌ನಷ್ಟು ಹೊಂದುವ ವಿಷಯ ಇನ್ನೊಂದಿರಲಿಲ್ಲ. ಪ್ರಯೋಗಾಲಯ ಬೇಡ, ಆಸ್ಪತ್ರೆ ಬೇಡ. ಒಂದು ಹಾಲ್, ಒಂದು ಪ್ರೊಜೆಕ್ಟರ್, ಇನ್ನೂರು ಕುರ್ಚಿ ಇದ್ದರೆ ಆಯಿತು. ಸೆಂಟ್ರಲ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮನೆ ಇರುವುದು ರಾಕ್‌ಹ್ಯಾಂಪ್ಟನ್ ಎಂಬ ದೂರದ ಊರಿನಲ್ಲಿ. ಅದು ವಿದೇಶಿ ವಿದ್ಯಾರ್ಥಿಗಳಿಗಾಗಿ ಸಿಡ್ನಿ, ಮೆಲ್ಬರ್ನ್‌ಗಳ ನಡುಪೇಟೆಯಲ್ಲಿ ಕ್ಯಾಂಪಸ್ ತೆರೆಯಿತು. ಮಾಸ್ಟರ್ ಆಫ್ ಪ್ರೊಫೆಷನಲ್ ಅಕೌಂಟಿಂಗ್ ಎಂಬ ಕೋರ್ಸನ್ನು ಅಕೌಂಟಿಂಗ್ ಓದದವರಿಗೆಂದೇ ಕಟ್ಟಲಾಗಿತ್ತು. ಬಿ.ಇ. ಮಾಡಿದವನೂ ಬಿ.ಎಸ್ಸಿ. ಮಾಡಿದವಳೂ ಅದನ್ನು ಮುಗಿಸಿದರೆ ವೀಸಾ ಇಲಾಖೆಯ ಕಣ್ಣಿಗೆ ಅಕೌಂಟೆಂಟರೇ. ನಮ್ಮಲ್ಲಿ ಮೂರು ವರ್ಷ ಆರ್ಟಿಕಲ್‌ಶಿಪ್ ಮಾಡಿ, ಆಡಿಟ್ ಎಂದು ಗೋದಾಮಿನ ಧೂಳಿನಲ್ಲಿ ಸ್ಟಾಕ್ ಎಣಿಸಿ, ಸಿಎ ಫೈನಲ್‌ನ ಒಂದೊಂದೇ ಗ್ರೂಪ್ ದಾಟಿ ಬಂದವರಿಗೆ ಇದನ್ನು ಕೇಳಿ ಹೊಟ್ಟೆ ಉರಿದರೆ ಆಶ್ಚರ್ಯವಿಲ್ಲ.

2004ರ ಸೆಪ್ಟೆಂಬರಿನಲ್ಲಿ ಬೇಡಿಕೆಯ ವೃತ್ತಿಗಳ ಪಟ್ಟಿಗೆ ಅಕೌಂಟೆಂಟ್ ಸೇರಿತು. ಆ ಪಟ್ಟಿಯಲ್ಲಿದ್ದವರಿಗೆ ಇನ್ನೂ ಹೆಚ್ಚು ಅಂಕ. ಆ ಹೊತ್ತಿಗೆ ಕೊರತೆ ಸುಳ್ಳೇನೂ ಆಗಿರಲಿಲ್ಲ. ಗಣಿಗಾರಿಕೆಯ ಸುಗ್ಗಿ ಕಾಲ, ಕಂಪನಿಗಳಿಗೆ ನಿಜಕ್ಕೂ ಲೆಕ್ಕ ಬಲ್ಲವರು ಬೇಕಿತ್ತು. ಆದರೆ ಅವರಿಗೆ ಬೇಕಿದ್ದುದು ಕಕ್ಷಿದಾರನ ಎದುರು ಕೂತು ಮಾತಾಡಬಲ್ಲ, ನಾಲ್ಕೈದು ವರ್ಷ ಪಳಗಿದ ಕೈ. ಬಂದದ್ದು ಒಂದು ದಿನವೂ ಆಫೀಸು ಕಾಣದ ಹೊಸ ಪದವೀಧರರ ಸಾಲು. ಅಕೌಂಟೆಂಟರ ಕೊರತೆ, ಅಕೌಂಟೆಂಟರ ನಿರುದ್ಯೋಗ ಎರಡೂ ಒಂದೇ ಊರಿನಲ್ಲಿ ಒಟ್ಟಿಗೆ ಇದ್ದವು.

ಸರ್ಕಾರವೇ ಕೇಳಿ ಬರೆಸಿದ ವರದಿಯೊಂದು 2006ರಲ್ಲಿ ಇದನ್ನು ಹೊರಗೆಡವಿತು. ಮೊನ್ಯಾಶ್ ವಿಶ್ವವಿದ್ಯಾಲಯದ ಬಾಬ್ ಬಿರೆಲ್ ಮತ್ತು ಇಬ್ಬರು ಸಂಶೋಧಕಿಯರು ಬರೆದದ್ದು. ಆಸ್ಟ್ರೇಲಿಯಾದಲ್ಲೇ ಓದಿ ಪಿಆರ್ ಪಡೆದ ಅಕೌಂಟಿಂಗ್ ಪದವೀಧರರಲ್ಲಿ ಬಹಳ ಜನರಿಗೆ ಆ ವೃತ್ತಿಯಲ್ಲಿ ಕೆಲಸವೇ ಸಿಕ್ಕಿರಲಿಲ್ಲ, ಸಿಕ್ಕವರ ಸಂಬಳವೂ ಕಡಿಮೆ, ಅನೇಕರ ಇಂಗ್ಲಿಷ್ ಆಫೀಸಿಗೆ ಸಾಲುತ್ತಿರಲಿಲ್ಲ. ಬಿರೆಲ್ ವಲಸೆಯ ಸಂಖ್ಯೆಯನ್ನೇ ಇಳಿಸಬೇಕೆಂದು ವಾದಿಸುತ್ತಿದ್ದವರು, ಹಾಗಾಗಿ ಅವರ ಮಾತನ್ನು ಸ್ವಲ್ಪ ಜರಡಿ ಹಿಡಿದೇ ಓದಬೇಕು. ಆದರೂ ಟ್ಯಾಕ್ಸಿ ಓಡಿಸುತ್ತ, ರಾತ್ರಿ ಸೂಪರ್‌ಮಾರ್ಕೆಟ್ಟಿನಲ್ಲಿ ಡಬ್ಬಿ ಜೋಡಿಸುತ್ತ ಇದ್ದ ಮಾಸ್ಟರ್ಸ್ ಪದವೀಧರರು ಅವರ ಕಲ್ಪನೆಯಲ್ಲ.

ವರದಿ ಬಂದ ಮೇಲೆ ಮೊದಲು ಏರಿದ್ದು ಇಂಗ್ಲಿಷಿನ ಮೆಟ್ಟಿಲು. 2007ರ ಸೆಪ್ಟೆಂಬರಿನಿಂದ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ ಕನಿಷ್ಠ 6 ಬೇಕಾಯಿತು. ಪಿಆರ್‌ಗೆ ಬೇಕಾದಷ್ಟು ಪಾಯಿಂಟ್ ಕೂಡದವರಿಗೆ ಓದು ಮುಗಿದ ಮೇಲೆ ಉಸಿರಾಡಲು 485 ಎಂಬ ತಾತ್ಕಾಲಿಕ ವೀಸಾ ಬಂತು. ಅದರ ಬೆನ್ನಿಗೇ ಪ್ರೊಫೆಷನಲ್ ಇಯರ್. 44 ವಾರಗಳ ಕೋರ್ಸು, ಅದರೊಳಗೆ 12 ವಾರ ಯಾವುದಾದರೂ ಆಫೀಸಿನಲ್ಲಿ ಇಂಟರ್ನ್‌ಶಿಪ್. ಪದವಿಗೂ ಕೆಲಸಕ್ಕೂ ನಡುವಿನ ಕಂದಕ ಮುಚ್ಚುವುದು ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಇಲ್ಲೊಂದು ವಿಚಿತ್ರವಿದೆ. ವಲಸೆಗಾಗಿ ಅಕೌಂಟೆಂಟರ ವಿದ್ಯಾರ್ಹತೆಯನ್ನು ಪರಿಶೀಲಿಸಿ ಸರ್ಟಿಫಿಕೇಟ್ ಕೊಡುವ ಅಧಿಕಾರ ಇರುವುದು ಮೂರು ವೃತ್ತಿ ಸಂಸ್ಥೆಗಳಿಗೆ: ಸಿಪಿಎ ಆಸ್ಟ್ರೇಲಿಯಾ, ಈಗ ನ್ಯೂಜಿಲೆಂಡಿನ ಸಂಸ್ಥೆಯೊಡನೆ ಒಂದಾಗಿರುವ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ, ಮತ್ತು ಈಗ ಐಪಿಎ ಎಂದು ಕರೆಯುವ ಮೂರನೆಯದು. ಪ್ರೊಫೆಷನಲ್ ಇಯರ್ ಹಿಂದೆ ನಿಂತವೂ ಇವೇ. ಪರಿಶೀಲನೆಗೆ ಫೀಸು, ಕೋರ್ಸಿಗೆ ಸಾವಿರಾರು ಡಾಲರ್, ಮುಂದೆ ಸದಸ್ಯತ್ವಕ್ಕೆ ಮತ್ತೆ ಫೀಸು. ಹೀಗಿದ್ದ ಮೇಲೆ ಅಕೌಂಟೆಂಟ್ ಎಂಬ ಹೆಸರು ವಲಸೆ ಪಟ್ಟಿಯಿಂದ ಹೋಗಲಿ ಎಂದು ವಿಶ್ವವಿದ್ಯಾಲಯವಾಗಲಿ ವೃತ್ತಿ ಸಂಸ್ಥೆಯಾಗಲಿ ಯಾಕೆ ಹೇಳೀತು?

2009ರಲ್ಲಿ ಮೆಲ್ಬರ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಪಿಆರ್ ಆಸೆಯ ಮೇಲೆ ನಿಂತಿದ್ದ ಅಡುಗೆ-ಕ್ಷೌರದ ಖಾಸಗಿ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. 2010ರ ಫೆಬ್ರವರಿ 8ರಂದು ವಲಸೆ ಸಚಿವ ಕ್ರಿಸ್ ಇವಾನ್ಸ್ ಬೇಡಿಕೆಯ ಪಟ್ಟಿಯನ್ನೇ ರದ್ದು ಮಾಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. 2007ರ ಸೆಪ್ಟೆಂಬರಿಗೆ ಮೊದಲು ಹೊರದೇಶಗಳಿಂದ ಬಂದಿದ್ದ ಸುಮಾರು 20,000 ಅರ್ಜಿಗಳನ್ನು ನೋಡದೆಯೇ ಫೀಸು ವಾಪಸು ಕೊಟ್ಟು ಮುಚ್ಚುವುದಾಗಿ ಸರ್ಕಾರ ಹೇಳಿತು. ಆ ವರ್ಷದ ಜುಲೈನಲ್ಲಿ ಬಂದ ಹೊಸ ಪಟ್ಟಿಯಿಂದ ಅಡುಗೆಯವರು, ಕ್ಷೌರಿಕರು ಹೊರಬಿದ್ದರು. ಅಕೌಂಟೆಂಟ್ ಮಾತ್ರ ಕೂತ ಜಾಗದಿಂದ ಕದಲಲಿಲ್ಲ.

ಅಲ್ಲಿಂದ ಮುಂದಿನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ರಾಜಕಾರಣ. ಹೆಸರನ್ನು ಪಟ್ಟಿಯಲ್ಲಿ ಇಟ್ಟರೆ ವಿದ್ಯಾರ್ಥಿಗಳು ಬರುತ್ತಾರೆ, ಫೀಸು ಬರುತ್ತದೆ. ವೀಸಾ ಎಲ್ಲರಿಗೂ ಕೊಡಬೇಕಾಗಿಲ್ಲ, ಬೆಲೆ ಏರಿಸಿದರಾಯಿತು. 2011ರ ಹೊಸ ಅಂಕಪದ್ಧತಿಯಲ್ಲಿ ಐಇಎಲ್‌ಟಿಎಸ್‌ನ ಪ್ರತಿ ವಿಭಾಗದಲ್ಲಿ 7 ಬಂದರೆ 10 ಪಾಯಿಂಟ್, 8 ಬಂದರೆ 20. 2012ರ ಜುಲೈನಲ್ಲಿ ಸ್ಕಿಲ್‌ಸೆಲೆಕ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಅಂದಿನಿಂದ ಅರ್ಜಿ ಹಾಕುವ ಹಕ್ಕು ಯಾರಿಗೂ ಇಲ್ಲ. ನನಗೆ ಆಸಕ್ತಿಯಿದೆ ಎಂದು ವಿವರ ತುಂಬಿ ಕಾಯಬೇಕು, ಹೆಚ್ಚು ಅಂಕದವರನ್ನು ಇಲಾಖೆ ಕರೆಯುತ್ತದೆ. ಅದರ ಮೇಲೆ ಒಂದೊಂದು ವೃತ್ತಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ. ಅಕೌಂಟೆಂಟರಿಗೆ 2016-17ರಲ್ಲಿ ಅದು 2,500. ಮರುವರ್ಷ 4,785ಕ್ಕೆ ಏರಿ, 2019-20ರ ಹೊತ್ತಿಗೆ 2,746ಕ್ಕೆ ಬಂತು. ಕಾನೂನಿನ ಕನಿಷ್ಠ 60 ಅಥವಾ 65 ಇದ್ದಾಗ ಅಕೌಂಟೆಂಟರ ಕಟ್-ಆಫ್ 80, 85, ಆಮೇಲೆ 90ರ ಆಸುಪಾಸು. ನಮ್ಮ ಸಿಇಟಿ ಸೀಟಿನ ಲೆಕ್ಕ ಗೊತ್ತಿದ್ದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಕಟ್-ಆಫ್ ಏರಿದ ಹಾಗೆಲ್ಲ ಅಂಕ ಹೆಕ್ಕುವುದೇ ಒಂದು ಉದ್ಯೋಗವಾಯಿತು. ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಸುವಿಕೆ, ಮಾತು ಎಲ್ಲದರಲ್ಲೂ 8 ದಾಟಿ ಬರವಣಿಗೆಯಲ್ಲಿ 7.5ಕ್ಕೆ ನಿಂತವರು ಮತ್ತೆ ಮತ್ತೆ ಫೀಸು ಕಟ್ಟಿ ಕೂತರು. 2014ರ ಕೊನೆಯಲ್ಲಿ ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯನ್ನೂ ಒಪ್ಪಿಕೊಂಡಾಗ ಬಹಳ ಜನ ಅತ್ತ ಹೊರಳಿದರು. ಆಗ ನಾಲ್ಕು ವಿಭಾಗಗಳಲ್ಲೂ 79 ಬಂದರೆ 20 ಪಾಯಿಂಟ್ ಸಿಗುತ್ತಿತ್ತು. ಮನುಷ್ಯರ ಬದಲು ಕಂಪ್ಯೂಟರ್ ಅಂಕ ಕೊಡುತ್ತಿದ್ದ ಪರೀಕ್ಷೆ ಅದು, ಹಾಗಾಗಿ ಮೈಕಿನ ಮುಂದೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಹೇಳಿಕೊಡುವ ಕೋಚಿಂಗ್ ಸೆಂಟರುಗಳೂ ಹುಟ್ಟಿದವು.

ನಮಗೆ ಹತ್ತಿರದ್ದು ದುಭಾಷಿ ಪರೀಕ್ಷೆ. ಆಸ್ಟ್ರೇಲಿಯಾದ ಭಾಷಾಂತರಕಾರರಿಗೆ ಮಾನ್ಯತೆ ಕೊಡುವ ನಾಟಿ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಎರಡು ಸಂಭಾಷಣೆ, ಒಂದೊಂದೂ ಸುಮಾರು 300 ಪದ. ಒಬ್ಬರು ಇಂಗ್ಲಿಷ್ ಮಾತಾಡುತ್ತಾರೆ, ಇನ್ನೊಬ್ಬರು ಕನ್ನಡ. ಡಾಕ್ಟರ್ ಮತ್ತು ರೋಗಿ ಇರಬಹುದು, ಬಾಡಿಗೆದಾರ ಮತ್ತು ಏಜೆಂಟ್ ಇರಬಹುದು, ವಿಮಾ ಕಂಪನಿ, ಕೋರ್ಟು, ಶಾಲೆ ಏನೂ ಬರಬಹುದು. ಒಂದು ತುಣುಕು ಹೆಚ್ಚೆಂದರೆ 35 ಪದ. ಅದನ್ನು ಕೇಳಿ ಕೂಡಲೇ ಇನ್ನೊಂದು ಭಾಷೆಯಲ್ಲಿ ಹೇಳಬೇಕು, ಏನೂ ಬಿಡಬಾರದು, ಏನೂ ಸೇರಿಸಬಾರದು. ಒಟ್ಟು 90 ಅಂಕ, ಪಾಸಾಗಲು 63, ಒಂದೊಂದು ಸಂಭಾಷಣೆಯಲ್ಲೂ 45ಕ್ಕೆ 29 ಆದರೂ ಬರಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಎಂದು ಬೆಳೆದ ಬೆಂಗಳೂರಿನ ಮಕ್ಕಳು ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವಾಗಲೇ ತಡವರಿಸುವುದು. ಟ್ಯಾಕ್ಸ್ ಅಕೌಂಟೆಂಟ್ ಆಗಲು ಹೋದವಳು ಮೂತ್ರಪಿಂಡದ ಕಾಯಿಲೆಯ ಬಗ್ಗೆ ಶುದ್ಧ ಕನ್ನಡದಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡುತ್ತಾಳೆ. ನಮ್ಮ ಭಾಷೆಗೆ ಪರದೇಶದಲ್ಲಿ 5 ಪಾಯಿಂಟ್ ಬೆಲೆ ಸಿಕ್ಕಿತಲ್ಲ ಎಂದು ಖುಷಿಪಡಬಹುದು. ಅಕೌಂಟಿಂಗ್‌ಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿಲ್ಲ.

2019ರ ನವೆಂಬರಿನಲ್ಲಿ ಮದುವೆಯಾಗದಿರುವುದೂ ಪಟ್ಟಿ ಸೇರಿತು. ಒಂಟಿಯಾಗಿದ್ದರೆ 10 ಪಾಯಿಂಟ್. ಗಂಡ ಅಥವಾ ಹೆಂಡತಿಗೂ ಪಟ್ಟಿಯಲ್ಲಿರುವ ವೃತ್ತಿ, ವಯಸ್ಸು, ಇಂಗ್ಲಿಷ್ ಎಲ್ಲ ಇದ್ದರೆ 10. ಇಂಗ್ಲಿಷ್ ಮಾತ್ರ ಇದ್ದರೆ 5, ಅದೂ ಇಲ್ಲದಿದ್ದರೆ ಸೊನ್ನೆ. ಜಾತಕದಲ್ಲಿ ಕುಜದೋಷ ಹುಡುಕುವ ಕಾಲದಲ್ಲೇ ಹುಡುಗಿಯ ಪಿಟಿಇ ಸ್ಕೋರ್ ಕೇಳುವ ಕಾಲವೂ ಬಂತು. ವಯಸ್ಸಿನ ಕಾಟ ಬೇರೆ. 33ನೇ ಹುಟ್ಟುಹಬ್ಬದ ದಿನ ವಯಸ್ಸಿನ 30 ಪಾಯಿಂಟ್ 25ಕ್ಕೆ ಇಳಿಯುತ್ತದೆ, 40 ತುಂಬಿದರೆ 15, 45 ತುಂಬಿದರೆ ಬಾಗಿಲೇ ಬಂದ್.

ಅದೇ ನವೆಂಬರಿನಲ್ಲಿ ಬಂದ 491 ವೀಸಾ ಬಹಳ ಜನರ ದಾರಿ ತಿರುಗಿಸಿತು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆಲ್ಲಾದರೂ ನೆಲೆಸಲು ಒಪ್ಪಿ, ಒಂದು ರಾಜ್ಯದ ನಾಮನಿರ್ದೇಶನ ಪಡೆದರೆ 15 ಪಾಯಿಂಟ್. ಐದು ವರ್ಷದ ವೀಸಾ, ಮೂರು ವರ್ಷ ಕಳೆದ ಮೇಲೆ ತೆರಿಗೆ ದಾಖಲೆ ತೋರಿಸಿ ಪಿಆರ್. ಅಡಿಲೇಡ್, ಪರ್ತ್, ಹೋಬಾರ್ಟ್‌ಗಳಿಗೆ ಗಂಟುಮೂಟೆ ಕಟ್ಟಿದವರಲ್ಲಿ ಅಕೌಂಟೆಂಟರು ಕಡಿಮೆಯಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯಲ್ಲಿ ಸ್ವಲ್ಪವಾದರೂ ಪ್ರಾಮಾಣಿಕವಾದ ಕರಾರು ಇದು. ನಮಗೆ ಜನ ಬೇಕಾದ ಊರಿಗೆ ನೀನು ಹೋಗು, ಅಲ್ಲಿ ದುಡಿದು ತೆರಿಗೆ ಕಟ್ಟು, ಉಳಿಯಲು ಬಿಡುತ್ತೇವೆ ಎಂಬಷ್ಟು ನೇರ.

ಕೋವಿಡ್‌ನಲ್ಲಿ ಗಡಿ ಮುಚ್ಚಿದಾಗ ಗಾಳಿ ತಿರುಗಿತು. 2021ರ ಜೂನ್‌ನಲ್ಲಿ ಸರ್ಕಾರ ತುರ್ತಾಗಿ ಬೇಕಾದವರ ಪಟ್ಟಿಗೆ ಅಕೌಂಟೆಂಟ್, ಆಡಿಟರ್‌ಗಳನ್ನು ಸೇರಿಸಿತು. ಹದಿನೈದು ವರ್ಷ ವಿಪರೀತ ಎನಿಸಿಕೊಂಡಿದ್ದವರು ಬರುವುದು ನಿಂತಾಗ ಬೇಕಾದವರಾದರು. ಆಸ್ಟ್ರೇಲಿಯಾದ ಸಂಸ್ಥೆಗಳು ತಮ್ಮ ದಿನನಿತ್ಯದ ಲೆಕ್ಕಬರಹ, ತೆರಿಗೆ ರಿಟರ್ನ್ ಕೆಲಸವನ್ನು ಭಾರತಕ್ಕೆ ಕಳಿಸುವುದೂ ಬೆಳೆಯುತ್ತಲೇ ಇತ್ತು. ಹೀಗಾಗಿ ಪಿಆರ್ ಸಿಗದೆ ಬೆಂಗಳೂರಿನಲ್ಲೇ ಉಳಿದ ಬಿ.ಕಾಂ. ಪದವೀಧರ, ನಾಲ್ಕೂವರೆಯಿಂದ ಐದೂವರೆ ತಾಸು ಮುಂದಿರುವ ಸಿಡ್ನಿಯ ಗಡಿಯಾರಕ್ಕೆ ಹೊಂದಿಕೊಂಡು ಬೆಳಗಿನ ಜಾವ ಲಾಗಿನ್ ಆಗಿ, ಅಲ್ಲಿನ ಚಿಲ್ಲರೆ ಅಂಗಡಿಯ ಜಿಎಸ್‌ಟಿ ಲೆಕ್ಕ ಮಾಡುತ್ತಾನೆ. ಅಲ್ಲಿ ಹೋಗಲು ಅವನಿಗೆ ಅರ್ಹತೆ ಇದೆಯೇ ಎಂಬ ಪ್ರಶ್ನೆ ಇರಬಹುದು, ಆ ಕೆಲಸ ಮಾಡಲು ಬರುತ್ತದೆಯೇ ಎಂಬ ಪ್ರಶ್ನೆ ಇಲ್ಲ.

ಎರಡು ದೇಶಗಳ ನಡುವಿನ ಒಪ್ಪಂದಗಳು ಅಕೌಂಟೆಂಟರಿಗೆ ಹೆಚ್ಚೇನೂ ಕೊಟ್ಟಿಲ್ಲ. 2023ರ ಮೇ ತಿಂಗಳಲ್ಲಿ ಸಿಡ್ನಿಯಲ್ಲಿ ಮೋದಿ ಮತ್ತು ಆಸ್ಟ್ರೇಲಿಯಾದ ಪ್ರಧಾನಿ ಆಲ್ಬನೀಸ್ ಭೇಟಿಯ ವೇಳೆ ವಲಸೆ ಒಪ್ಪಂದಕ್ಕೆ ಸಹಿ ಬಿತ್ತು. ಅದರಡಿ ಯುವ ಪದವೀಧರರಿಗಾಗಿ ಬಂದ ಮೇಟ್ಸ್ ಯೋಜನೆ ವರ್ಷಕ್ಕೆ 3,000 ಜನರಿಗೆ ಎರಡು ವರ್ಷದ ವೀಸಾ ಕೊಡುತ್ತದೆ. ನವೀಕರಿಸಬಹುದಾದ ಇಂಧನ, ಗಣಿಗಾರಿಕೆ, ಎಂಜಿನಿಯರಿಂಗ್, ಐಟಿ, ಕೃತಕ ಬುದ್ಧಿಮತ್ತೆ, ಫಿನ್‌ಟೆಕ್, ಕೃಷಿ ತಂತ್ರಜ್ಞಾನ ಅದರ ಕ್ಷೇತ್ರಗಳು. ಅಕೌಂಟಿಂಗ್ ಅದರಲ್ಲಿಲ್ಲ.

ಈಗ ಹೊರಡುವವರು ನೋಡಬೇಕಾದ ಬದಲಾವಣೆ ಬೇರೆಡೆ ಇದೆ. 2024ರ ಜುಲೈನಿಂದ, ಓದು ಮುಗಿದ ಮೇಲೆ ಸಿಗುವ 485 ವೀಸಾಕ್ಕೆ ವಯೋಮಿತಿ 50ರಿಂದ ಬಹುಪಾಲು ಜನರಿಗೆ 35ಕ್ಕೆ ಇಳಿಯಿತು. ಇಲ್ಲಿ ಹತ್ತು-ಹನ್ನೆರಡು ವರ್ಷ ದುಡಿದು, ಮನೆ ಸಾಲ ತೀರಿಸಿ, ಆಮೇಲೆ ಓದುವ ನೆಪದಲ್ಲಿ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ವಿದ್ಯಾರ್ಥಿ ವೀಸಾದ ಶುಲ್ಕ ಅದೇ ಜುಲೈನಲ್ಲಿ 710 ಡಾಲರ್‌ನಿಂದ 1,600ಕ್ಕೆ ಜಿಗಿದು, ಮರುವರ್ಷ 2,000 ಆಯಿತು. ಇನ್ನೊಂದು ಕಡೆ ಕಂಪನಿಯೇ ಕರೆಸಿಕೊಳ್ಳುವ ದಾರಿ ಸಲೀಸಾಗಿದೆ: ಪ್ರಾಯೋಜಿಸಿದ ಕಂಪನಿಯಲ್ಲಿ ಎರಡು ವರ್ಷ ದುಡಿದರೆ ಅದರ ಮೂಲಕವೇ ಪಿಆರ್ ಕೇಳಬಹುದು, ಮೊದಲು ಮೂರು ವರ್ಷ ಬೇಕಿತ್ತು. ಸಂಬಳ ಮಾತ್ರ ಸರ್ಕಾರ ಹೇಳಿದ ಮಟ್ಟದಲ್ಲಿರಬೇಕು. ವರ್ಷಗಟ್ಟಲೆ 53,900 ಡಾಲರ್‌ನಲ್ಲೇ ಇದ್ದ ಆ ಮಿತಿ 2023ರಲ್ಲಿ 70,000ಕ್ಕೆ ಏರಿತು, ಆಮೇಲೂ ಏರುತ್ತಿದೆ. ಐದಾರು ವರ್ಷದ ಆಡಿಟ್ ಅನುಭವವಿರುವ ಸಿಎಗೆ ಇದು ಕಷ್ಟವಲ್ಲ. ನಿನ್ನೆ ಮೊನ್ನೆ ಪದವಿ ಪಡೆದವರಿಗೆ ಅಷ್ಟು ಕೊಡುವ ಮಾಲೀಕ ಸಿಗುವುದು ಸುಲಭವಿಲ್ಲ.

ಪಾಯಿಂಟ್ ಪದ್ಧತಿಯೂ ಮರುಪರಿಶೀಲನೆಯಲ್ಲಿದೆ. ಮಾರ್ಟಿನ್ ಪಾರ್ಕಿನ್ಸನ್ ನೇತೃತ್ವದ ಸಮಿತಿ 2023ರಲ್ಲಿ ವಲಸೆ ವ್ಯವಸ್ಥೆಯನ್ನು ಬುಡಮಟ್ಟ ತಿದ್ದಬೇಕೆಂದಿತು. 2024ರ ಏಪ್ರಿಲ್‌ನಲ್ಲಿ ಸರ್ಕಾರ ಅಂಕಗಳ ಬಗ್ಗೆ ಚರ್ಚಾಪತ್ರ ಹೊರಡಿಸಿ, ಪ್ರೊಫೆಷನಲ್ ಇಯರ್, ದುಭಾಷಿ ಪರೀಕ್ಷೆಯಂಥವಕ್ಕೆ ಪಾಯಿಂಟ್ ಕೊಡುವುದರಿಂದ ಒಳ್ಳೆಯ ಕೆಲಸಗಾರರು ಸಿಗುತ್ತಾರೆಯೇ ಎಂಬ ಪ್ರಶ್ನೆಯನ್ನೂ ಎತ್ತಿತು. ಪ್ರಶ್ನೆ ಸರಿಯೇ. ಆದರೆ ಆ ಎರಡನ್ನೂ ಕೈಬಿಟ್ಟರೆ ಮೇಲಿನ ಲೆಕ್ಕದ ಹುಡುಗಿಯ 90 ನೇರವಾಗಿ 80ಕ್ಕೆ ಇಳಿಯುತ್ತದೆ, 44 ವಾರವೂ ಅದಕ್ಕೆ ಸುರಿದ ಡಾಲರೂ ಹೋದವು. ಸರದಿಯಲ್ಲಿ ಆಗಲೇ ನಿಂತಿರುವವರಿಗೆ ಹಳೆಯ ಅಂಕ ಉಳಿಸುತ್ತಾರೆಯೇ ಎಂಬುದು ಹೊಸ ನಿಯಮ ಬಂದಾಗ ಮೊದಲು ಓದಿ ನೋಡಬೇಕಾದ ಸಾಲು.