ವಿಕ್ರಮ್ ಏಳಲಿಲ್ಲ, ಸರಿ, ಏಳಬೇಕಿತ್ತೇ?

2023ರ ಸೆಪ್ಟೆಂಬರ್ ಕೊನೆ. ನಮ್ಮ ಬೀದಿಯ ಗಣಪತಿಯನ್ನು ಬಿಡಲು ಹೊರಟಿದ್ದೆವು. ತಮಟೆಯ ಸದ್ದಿನ ನಡುವೆ ಪಕ್ಕದ ಮನೆಯವರು ನನ್ನ ತೋಳು ಹಿಡಿದು, ಸಾವಿನ ಮನೆಯಲ್ಲಿ ಮಾತಾಡುವವರ ಹಾಗೆ ಕೇಳಿದರು: "ವಿಕ್ರಮ್ ಏಳ್ಲೇ ಇಲ್ವಂತೆ ಸಾರ್. ಫೇಲ್ ಆಯ್ತಾ ಹಾಗಾದ್ರೆ?"

ಉಪಗ್ರಹಗಳ ಬ್ಯಾಟರಿ ಜೊತೆ ಏಗಿಯೇ ತಲೆ ನರೆತವನು ನಾನು. ಈ ಪ್ರಶ್ನೆ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ವಿಕ್ರಮ್ ಎಂದರೆ ಚಂದ್ರಯಾನ-3ರ ಲ್ಯಾಂಡರ್, ಚಂದ್ರನ ನೆಲಕ್ಕಿಳಿದ ನೌಕೆ. ಆ ಯಾನದ ಗುರಿಗಳು ಮೂರೇ: ಮೆತ್ತಗೆ ಇಳಿಯಬೇಕು, ಒಳಗಿನ ಪುಟ್ಟ ಗಾಡಿ, ರೋವರ್, ಓಡಬೇಕು, ಆ ನೆಲದ ಮೇಲೇ ಪ್ರಯೋಗ ನಡೆಯಬೇಕು. ಅವಧಿ ಚಂದ್ರನ ಒಂದು ಹಗಲು, ಅಂದರೆ ನಮ್ಮ 14 ದಿನ. ಆಗಸ್ಟ್ 23ರ ಸಂಜೆ ಇಳಿಯಿತು, ಮೂರೂ ಕೆಲಸ ಆ ಹಗಲಲ್ಲೇ ಮುಗಿದವು. ಸಾಲದ್ದಕ್ಕೆ ಸೆಪ್ಟೆಂಬರ್ 3ರಂದು ಎಂಜಿನ್ ಮತ್ತೆ ಹೊತ್ತಿಸಿ ಲ್ಯಾಂಡರನ್ನು ಸುಮಾರು 40 ಸೆಂಟಿಮೀಟರ್ ನೆಗೆಸಿ ಇಳಿಸಿದ್ದೂ ಆಯಿತು. ಆಮೇಲೆ ಚಂದ್ರನ ರಾತ್ರಿ ಬರುವ ಮುಂಚೆ ಮಲಗಿಸಿದರು. ಬೆಳಗಾದ ಮೇಲೆ ಎದ್ದೀತೇನೋ ಎಂಬುದು ಆಸೆಯಾಗಿತ್ತು, ಗುರಿಯಲ್ಲ.

"ರಾತ್ರಿನೂ ತಡ್ಕೊಳ್ಳೋ ಹಾಗೆ ಮಾಡ್ಬಹುದಿತ್ತಲ್ಲ?" ಮಾಡಬಹುದಿತ್ತು. ಆದರೆ ಅಲ್ಲಿನ ರಾತ್ರಿಯೂ 14 ದಿನ, ಚಳಿ ಮೈನಸ್ ನೂರಕ್ಕೂ ಎಷ್ಟೋ ಕೆಳಗೆ. ಬ್ಯಾಟರಿಯೊಳಗಿನ ದ್ರಾವಣ ಗಟ್ಟಿಯಾಗುತ್ತದೆ, ಬೆಸುಗೆಗಳು ಕುಗ್ಗಿ ಬಿರುಕು ಬಿಡುತ್ತವೆ. ಬೆಚ್ಚಗಿಡಲು ಹೀಟರ್ ಬೇಕು, ಹೀಟರಿಗೆ ಕತ್ತಲಲ್ಲಿ ಕರೆಂಟು ಬೇಕು, ಅದಕ್ಕೆ ಇನ್ನೂ ದೊಡ್ಡ ಬ್ಯಾಟರಿ. ಆ ಭಾರವನ್ನು ಮೆತ್ತಗೆ ಇಳಿಸಲು ಇಂಧನ, ಇಂಧನಕ್ಕೆ ಟ್ಯಾಂಕು. ಅಷ್ಟೆಲ್ಲ ಹೊರುವ ರಾಕೆಟ್ ಯಾವುದು? ವಿನ್ಯಾಸದ ಮೊದಲ ದಿನವೇ ಅವಧಿ ನಿಗದಿ ಮಾಡುವುದು ಇದಕ್ಕೇ. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹ ದಿನಕ್ಕೆ 14-15 ಸಲ ನೆರಳು ಹೊಕ್ಕು ಹೊರಬರುತ್ತದೆ, ವರ್ಷಕ್ಕೆ ಐದು ಸಾವಿರಕ್ಕೂ ಮೇಲೆ. ಅದು ಒಂದು ವರ್ಷ ಬಾಳಬೇಕೋ ಐದು ವರ್ಷವೋ ಎಂದು ಹೇಳದಿದ್ದರೆ ನನ್ನಂಥವನು ಯಾವ ಲೆಕ್ಕದಲ್ಲಿ ಬ್ಯಾಟರಿ ಕೊಡಲಿ?

ಹಿಂದೊಮ್ಮೆ ಒಂದು ಪರಿಶೀಲನಾ ಸಭೆಯಲ್ಲಿ ಗುರಿಗಳ ಪುಟದ ಒಂದೇ ಒಂದು ಪದಕ್ಕೆ ಅರ್ಧ ದಿನ ಜಗಳವಾಯಿತು. ಯಾರೋ ಹುಡುಗ ಉತ್ಸಾಹದಲ್ಲಿ "ನಿರಂತರ" ಎಂದು ಬರೆದುಬಿಟ್ಟಿದ್ದ. ಅಧ್ಯಕ್ಷರು ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದು, "ಇದಕ್ಕೆ ಎಷ್ಟು ಕೆಜಿ ಆಗತ್ತಪ್ಪ?" ಎಂದರು. ಪದ ಹೋಯಿತು. ಹುಡುಗ ಎರಡು ದಿನ ನನ್ನ ಜೊತೆ ಊಟಕ್ಕೆ ಬರಲಿಲ್ಲ, ನಾನೂ ತಲೆಯಾಡಿಸಿದ್ದೆನಲ್ಲ.

ಅವಧಿ ಎಂದರೆ "ಇಷ್ಟು ದಿನವಂತೂ ಖಂಡಿತ" ಎಂಬ ಮಾತು. ಮಂಗಳಯಾನಕ್ಕೆ ಕೊಟ್ಟ ಮಾತು ಆರು ತಿಂಗಳು. 2014ರ ಸೆಪ್ಟೆಂಬರಿನಲ್ಲಿ ಮಂಗಳನ ಕಕ್ಷೆ ಸೇರಿದ್ದು 2022ರವರೆಗೆ ಬಾಳಿತು. ಕೊನೆಗೆ ಅದರ ಸಂಪರ್ಕ ಕಡಿದದ್ದು ದೀರ್ಘ ಗ್ರಹಣದಿಂದ, ಬಿಸಿಲಿಲ್ಲದೆ. ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿತು, ನಿಜ, ಆ ಗುರಿ ತಪ್ಪಿತು. ಒಂದು ವರ್ಷಕ್ಕೆಂದು ಕಟ್ಟಿದ, ಚಂದ್ರನನ್ನು ಸುತ್ತುವ ಅದರ ಆರ್ಬಿಟರ್ ಮಾತ್ರ ನಾಲ್ಕು ವರ್ಷದ ಮೇಲೆ ಚಂದ್ರಯಾನ-3ಕ್ಕೆ ಸಂಪರ್ಕದ ಆಸರೆಯಾಯಿತು. ಹಾಗೆಂದು ಎಲ್ಲವನ್ನೂ ಸಮರ್ಥಿಸಲು ನಾನು ಕೂತಿಲ್ಲ. ಚಂದ್ರಯಾನ-1 ಎರಡು ವರ್ಷವೆಂದು ಹೋಗಿ ಹತ್ತೇ ತಿಂಗಳಿಗೆ, 2009ರ ಆಗಸ್ಟಿನಲ್ಲಿ ಮೌನವಾಯಿತು. ನೀರಿನ ಸುಳಿವು ಕೊಟ್ಟೇ ಹೋಯಿತು, ಆದರೂ ಅಲ್ಲಿ "ಯಾಕೆ?" ಎಂದು ಕೇಳುವುದು ನ್ಯಾಯ. ನಾವೂ ಕೇಳಿಕೊಂಡೆವು. ಗುರಿ ಏನಿತ್ತೆಂದು ತಿಳಿಯದೆ ಅಂಕ ಹಾಕುವವರ ಮೇಲಷ್ಟೇ ನನ್ನ ಸಿಟ್ಟು.

ಅಕ್ಟೋಬರ್ 21ಕ್ಕೆ ಅದೇ ನೆರೆಯವರು ಬೆಲ್ ಒತ್ತಿದರು. "ಸಾರ್, ಗಗನಯಾನದ್ದು ಸಮುದ್ರಕ್ಕೆ ಬಿತ್ತಂತೆ!"

"ಬೀಳಲಿ ಅಂತಲೇ ಹಾರಿಸಿದ್ದು ಸ್ವಾಮಿ. ರಾಕೆಟ್ ಕೈಕೊಟ್ಟರೆ ಒಳಗಿನವರು ತಪ್ಪಿಸಿಕೊಳ್ತಾರಾ ಅಂತ ನೋಡೋ ಪರೀಕ್ಷೆ ಅದು. ಪ್ಯಾರಾಶೂಟ್ ಬಿಚ್ಚಿತು, ನೌಕಾಪಡೆಯವರು ಎತ್ತಿಕೊಂಡು ಬಂದರು."

ಅವರು ಬಾಗಿಲಲ್ಲೇ ನಿಂತು ಯೋಚಿಸಿದರು. "ಅಲ್ಲ ಸಾರ್, ನೀರಲ್ಲಿ ತಲೆಕೆಳಗಾಗಿ ತೇಲ್ತಿತ್ತಂತಲ್ಲ. ಒಳಗೆ ಜನ ಇದ್ದಿದ್ರೆ?"

ಬಾಗಿಲು ಪೂರ್ತಿ ತೆಗೆದು ಒಳಗೆ ಕರೆದೆ, ಕಾಫಿಗೆ ಇಡಲು ಹೇಳಿದೆ.